ಮೊದಲು ವೇಗ, ಆಮೇಲೆ ರಾಗ

ಹೈದರಾಬಾದಿನ ಮಿಯಾಪುರದಲ್ಲಿ ಸಂಜೆ ಆರೂವರೆ ಅಂದರೆ ಮೆಟ್ರೊ ಇಳಿದವರ ನೂಕುನುಗ್ಗಲು, ಬೆಂಗಳೂರು ಬಸ್ಸಿಗೆ ಕಾದವರ ಗಂಟುಮೂಟೆ, ಮುಂಬೈ ಹೆದ್ದಾರಿಯ ಹಾರ್ನು. ಆ ಹೊತ್ತಿಗೇ ನಾನು ಕಿಟಕಿ ಮುಚ್ಚಿ ತಟ್ಟೆ ಹಚ್ಚುವುದು. ಕಳೆದ ಭಾನುವಾರ ಹಚ್ಚಿದ್ದು ಗಂಗೂಬಾಯಿ ಹಾನಗಲ್ಲರ ಎಳೆಯ ಕಾಲದ 78 ಆರ್‌ಪಿಎಂ ತಟ್ಟೆ. ಪಕ್ಕದ ಮನೆಯ ಕಲಬುರಗಿ ಕಾಕಾ ಬಾಗಿಲಲ್ಲೇ ನಿಂತು ಕಿವಿಗೊಟ್ಟರು. ‘ಮಷೀನು ಜೋರ್ ತಿರಗಲತ್ತದ ನೋಡ್ರಿ. ಇದು ಗಂಗೂಬಾಯಿ ದನಿ ಅಲ್ಲ’ ಅಂದರು.

ಅವರ ಅನುಮಾನ ನ್ಯಾಯವಾದದ್ದೇ. ತಟ್ಟೆಯ ಮೇಲೆ ಲಯವೂ ಶ್ರುತಿಯೂ ಒಂದೇ ದಾರದಲ್ಲಿ ಕಟ್ಟಿಕೊಂಡಿರುತ್ತವೆ. ತಟ್ಟೆ ಶೇಕಡ 6ರಷ್ಟು ಜೋರಾಗಿ ತಿರುಗಿದರೆ ಸಾಕು, ಷಡ್ಜ ಅರ್ಧ ಸ್ವರ ಮೇಲೇರುತ್ತದೆ. 78ರ ಬದಲು 83ರ ಹತ್ತಿರ ಓಡಿದರೆ ಹಾರ್ಮೋನಿಯಮ್ಮಿನ ಕಾಳಿ ನಾಲ್ಕರ ಗಾಯಕಿ ಪಾಂಢರಿ ಆರಕ್ಕೆ ಹೋಗಿ ನಿಲ್ಲುತ್ತಾಳೆ. ತಬಲಾ ಚುರುಕಾಗುತ್ತದೆ, ಮೀಂಡು ಕುಗ್ಗುತ್ತದೆ, ನಿಡಿದಾಗಿ ಬಿಟ್ಟ ಉಸಿರು ಅವಸರದ್ದಾಗುತ್ತದೆ. ಹಾಡಿದವರು ಶಾಂತವಾಗಿಯೇ ಹಾಡಿದ್ದರೂ ಕೇಳಿದವರಿಗೆ ಚಡಪಡಿಕೆ ಕಾಣುತ್ತದೆ.

ಹಾಗಾಗಿ ಪರೀಕ್ಷೆ ಮಾಡಿದೆವು. ತಟ್ಟೆಯ ಮೇಲಿಡುವ ಸ್ಟ್ರೋಬ್ ಕಾಗದ ನನ್ನಲ್ಲಿದೆ. ಅದರ ಸುತ್ತ 77 ಕಪ್ಪು ಗೀಟುಗಳು. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಉರಿಯುವ ಹಳೆಯ ಗುಂಡು ಬಲ್ಬಿನ ಕೆಳಗೆ ವೇಗ ಸರಿಯಿದ್ದರೆ ತಟ್ಟೆ ತಿರುಗುತ್ತಿದ್ದರೂ ಗೀಟುಗಳು ನಿಂತಂತೆ ಕಾಣುತ್ತವೆ. ಜೋರಾದರೆ ಮುಂದಕ್ಕೆ ಹರಿಯುತ್ತವೆ, ನಿಧಾನವಾದರೆ ಹಿಂದಕ್ಕೆ. ಕಾಕಾ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಗೀಟುಗಳು ಅಲುಗಲಿಲ್ಲ.

ಅಂದಮೇಲೆ ಆ ತೆಳು, ಮೇಲುಶ್ರುತಿಯ ದನಿ ಗಂಗೂಬಾಯಿಯವರದೇ. 1930ರ ದಶಕದ ಆರಂಭದಲ್ಲಿ ಎಚ್‌ಎಂವಿ ಕಂಪನಿ ಅವರ ಹಾಡುಗಳನ್ನು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರತಂದಿತು. ಹುಟ್ಟಿದ್ದು 1913ರಲ್ಲಿ, ಆಗಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗಿ. ಆಮೇಲೆ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತರು. ಗಂಟಲಿಗೆ ಚಿಕಿತ್ಸೆಯಾದ ಮೇಲೆ ದನಿ ಇಳಿಯಿತು, ಗಂಡುದನಿಯಷ್ಟು ಗಡುಸಾಯಿತು. ನಮಗೆ ಪರಿಚಯವಾದ ಗಂಗೂಬಾಯಿ ಆ ಎರಡನೆಯ ದನಿಯವರು.

ಅವಧಿಯೂ ಭಾವವನ್ನು ಕಟ್ಟುತ್ತದೆ. 78ರ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ವಿಲಂಬಿತ ಏಕತಾಳದ ಒಂದೊಂದು ಮಾತ್ರೆಗೆ ನಾಲ್ಕು ಸೆಕೆಂಡು ಹಿಡಿದರೆ 12 ಮಾತ್ರೆಯ ಆವರ್ತಕ್ಕೆ 48 ಸೆಕೆಂಡು. ಬಂದಿಶಿನ ಸ್ಥಾಯಿ ಹಾಡಿ ಆವರ್ತದ ಮೊದಲ ಮಾತ್ರೆಯಾದ ಸಮ್ಮಿಗೆ ನಾಲ್ಕು ಸಲ ಬರುವಷ್ಟರಲ್ಲಿ ಮುಳ್ಳು ತಟ್ಟೆಯ ನಡುವಿಗೆ ಬಂದಿರುತ್ತದೆ. ಅದಕ್ಕೇ ಆ ಕಾಲದವರು ಲಯ ಏರಿಸಿ, ರಾಗದ ಮುಖವನ್ನು ಮೊದಲ ಸಾಲಿನಲ್ಲೇ ತೋರಿಸಿಬಿಡುತ್ತಿದ್ದರು. ಎಲ್‌ಪಿ ಬಂದು ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಜಾಗ ಸಿಕ್ಕಿತು. ಗಂಗೂಬಾಯಿಯವರ ಕಿರಾನಾ ಘರಾಣೆಯವರು ರಾಗವನ್ನು ನಿಧಾನವಾಗಿ ಬೆಳೆಸುವ ಬಢತ್‌ಗೆ ತಟ್ಟೆಯಲ್ಲಿ ಮನೆ ಸಿಕ್ಕಿದ್ದು ಆಗಲೇ. ಜೈಪುರ ಅತ್ರೌಲಿ ಘರಾಣೆಯ ಮಲ್ಲಿಕಾರ್ಜುನ ಮನ್ಸೂರರ ನಡೆ ಬೇರೆ. ನಡುಲಯದ ತೀನ್‌ತಾಲಿನಲ್ಲಿ ಉಸಿರು ಕಡಿಯದೆ ಒಂದು ತಾನದ ಬಾಲಕ್ಕೆ ಇನ್ನೊಂದನ್ನು ಹೆಣೆಯುವ ಕಸುಬು ಅವರದು. ಆ ಲಯವನ್ನು ಸಡಿಲಿಸಿದರೆ ಹೆಣಿಗೆಯೇ ಬಿಚ್ಚಿಹೋಗುತ್ತದೆ.

ಲಯ, ಸ್ಥಾಯಿ, ಭಾವ ಮೂರೂ ಹೇಗೆ ಒಂದನ್ನೊಂದು ಹಿಡಿದುಕೊಂಡಿವೆ ಎಂದು ಕಾಕಾಗೆ ತೋರಿಸಲು ಮೂರು ರಾಗ ಕೇಳಿಸಿದೆ: ಮಾರವಾ, ಪೂರಿಯಾ, ಸೋಹನಿ. ಮೂರಕ್ಕೂ ಸ್ವರಗಳು ಅವೇ. ರಿಷಭ ಕೋಮಲ, ಮಧ್ಯಮ ತೀವ್ರ, ಪಂಚಮ ಇಲ್ಲ. ಮಾರವಾ ರಿಷಭ ಧೈವತಗಳ ಮೇಲೆ ನಿಂತು ಷಡ್ಜಕ್ಕೆ ಬರಲು ಸತಾಯಿಸುತ್ತದೆ. ಹೊತ್ತು ಮುಳುಗುವಾಗಿನ ಆತಂಕ ಅದು. ಪೂರಿಯಾ ಗಾಂಧಾರ ನಿಷಾದ ಹಿಡಿದು ಮಂದ್ರಕ್ಕೆ ಇಳಿದು ನಿಧಾನವಾಗಿ ಕೂರುತ್ತದೆ. ಸೋಹನಿ ತಾರಸ್ಥಾಯಿಯಲ್ಲೇ ಚುರುಕಾಗಿ ಓಡಾಡುತ್ತದೆ. ಕರ್ನಾಟಕ ಸಂಗೀತದವರಿಗೆ ಹಂಸಾನಂದಿಯ ನೆನಪಾಗುವುದು ಇಲ್ಲಿಯೇ. ಭೀಮಸೇನ ಜೋಶಿಯವರ ಪೂರಿಯಾ ಮಂದ್ರ ನಿಷಾದಕ್ಕೆ ಇಳಿದಾಗ ಕಾಕಾ ಕೈಯಲ್ಲಿದ್ದ ಚಹಾದ ಲೋಟವನ್ನು ಸದ್ದಾಗದಂತೆ ನೆಲಕ್ಕಿಟ್ಟರು.

ಈಗ ಫೋನಿನಲ್ಲಿ ಶ್ರುತಿ ಕೆಡಿಸದೆ ಲಯ ಓಡಿಸಬಹುದು. ಒಂದೂಕಾಲು ಪಟ್ಟು ಒತ್ತಿದರೆ 48 ಸೆಕೆಂಡಿನ ಆವರ್ತ 38ಕ್ಕೆ ಇಳಿಯುತ್ತದೆ, ಷಡ್ಜ ಇದ್ದಲ್ಲೇ ಇರುತ್ತದೆ. ಏನೂ ಕೆಡಲಿಲ್ಲ ಅನ್ನಿಸುತ್ತದೆ. ಕೆಟ್ಟಿರುತ್ತದೆ. ಪೂರಿಯಾದಲ್ಲಿ ಒಂದು ಸ್ವರ ಬಿಟ್ಟು ಇನ್ನೊಂದನ್ನು ಮುಟ್ಟುವ ನಡುವೆ ಗಾಯಕ ಕಾಯುತ್ತಾನಲ್ಲ, ಆ ಕಾಯುವಿಕೆಯೇ ರಾಗ. ಅದನ್ನು ಕತ್ತರಿಸಿದರೆ ಉಳಿಯುವುದು ಸ್ವರಗಳ ಪಟ್ಟಿ. ವೇಗವಾಗಿ ಓಡುವ ಕ್ಯಾಸೆಟ್ ಯಂತ್ರದಿಂದ ಇಳಿಸಿದ ಪ್ರತಿಗಳ ಕಥೆಯೂ ಇದೇ. ಅವನ್ನು ಕೇಳಿ ಗಾಯಕರ ಮನೋಧರ್ಮದ ಬಗ್ಗೆ ತೀರ್ಪು ಕೊಡಬಾರದು.

ಈ ವಾರ ಓದುಗರು ವಿಲಂಬಿತ ಏಕತಾಳದ ಒಂದು ಪೂರಿಯಾ ಹಚ್ಚಲಿ. ಬೆರಳಲ್ಲಿ 12 ಮಾತ್ರೆ ಎಣಿಸುತ್ತ ಸಮ್ಮಿನವರೆಗೆ ಕಾಯಲಿ. ಆ ಭಾನುವಾರ ರಾತ್ರಿ ಹೊರಡುವ ಮುಂಚೆ ಕಾಕಾ ‘ಆ ಮೊದಲನೇದ್ದು ಇನ್ನೊಮ್ಮೆ ಹಚ್ಚರಿ’ ಅಂದರು. ಗಾಂಧಾರಿಯ ತಟ್ಟೆ ಮತ್ತೆ ತಿರುಗಿತು. ಈ ಸಲ ಅವರು ಮಷೀನಿನ ಕಡೆ ನೋಡಲಿಲ್ಲ.