‘ಇಂದಿರಾಬಾಯಿ’ಯ ನಗೆ

ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಹೊರಬಂತು. ಲಂಚದ ಹಣದಲ್ಲಿ ಕೊಬ್ಬಿದ ಮನೆತನ, ಭಜನೆಯ ಮರೆಯಲ್ಲಿ ವಿಷಯಲೋಲುಪರಾದ ಸಂತರು, ಇವರ ನಡುವೆ ಉಸಿರುಗಟ್ಟಿದ ಎಳೆಯ ವಿಧವೆ: ಪೊಲೀಸ್ ಇಲಾಖೆಯಲ್ಲಿ ದುಡಿದ ಲೇಖಕರ ಕಣ್ಣಿಗೆ ಯಾವ ಸೋಗೂ ಮರೆಯಾಗದು. ಸಮಾರ್ಯದ ಸಿರಿವಂತೆಯರನ್ನು ಬಾಷಾನಿನ ಆಕಳುಗಳೆಂದು ಹಂಗಿಸಿದ ಆಮೋಸನ ಧಾಟಿಯೇ ಇದು. ಆದರೆ ಆಮೋಸನ ಕಣ್ಣು ಜಜ್ಜಿಹೋದ ದರಿದ್ರರ ಮೇಲಿತ್ತು. ರಾಯರ ವ್ಯಂಗ್ಯ ಬಹುಮಟ್ಟಿಗೆ ಮೇಲ್ಜಾತಿಯ ಮನೆಯಂಗಳವನ್ನು ದಾಟುವುದಿಲ್ಲ.

ಅದನ್ನು ಅವರ ಮಿತಿಯೆಂದು ಬರೆದು ಮುಗಿಸುವುದು ನಮಗೆ ಸುಲಭ. ಪರರ ಮಠದ ಕಪಟವನ್ನು ನಮ್ಮ ಅಚ್ಚುಕೂಟ ಸಂತೋಷದಿಂದಲೇ ಅಚ್ಚಿಸಿರಬೇಕು. ಅದೇ ಮಿಷನ್ನಿನ ಹೆಂಚಿನ ಕಾರ್ಖಾನೆಯಲ್ಲಿ ಆವೆಮಣ್ಣು ಹದಮಾಡಿದವರ ಕೂಲಿಯನ್ನು ಕುರಿತು ನಗುವ ಹಸ್ತಪ್ರತಿಯೊಂದು ಬಂದಿದ್ದರೆ, ಅದಕ್ಕೂ ಮೊಳೆ ಜೋಡಿಸುತ್ತಿದ್ದರೇ?