ಬಿದ್ದ ಚೆಂಡಿನ ಬೆನ್ನು ಹತ್ತಿ: ಹುಡುಗಿಯರ ಲ್ಯಾಕ್ರೋಸ್ ನೋಡುವ ಬಗೆ

ತುದಿಗೆ ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು, ಓಡಿ, ಎಸೆದು ಗೋಲು ಹೊಡೆಯುವ ಆಟ ಲ್ಯಾಕ್ರೋಸ್. ಇದು ಉತ್ತರ ಅಮೆರಿಕದ ಮೂಲನಿವಾಸಿಗಳದು. ಅವರಲ್ಲೊಬ್ಬರಾದ ಹೌಡೆನೊಸೌನೀ ಜನರಿಗೆ ಇದು ಇಂದಿಗೂ ಸೃಷ್ಟಿಕರ್ತನ ಆಟ. ಅವರ ಸಂಪ್ರದಾಯದಲ್ಲಿ ಗಂಡಸರ ಮರದ ಕೋಲನ್ನು ಹೆಂಗಸರು ಮುಟ್ಟುವಂತಿಲ್ಲ. ಹುಡುಗಿಯರ ಕೈಗೆ ಕೋಲು ಬಂದದ್ದು ಸುತ್ತುದಾರಿಯಲ್ಲಿ. ಸ್ಕಾಟ್ಲೆಂಡಿನ ಸೇಂಟ್ ಲಿಯೊನಾರ್ಡ್ಸ್ ಶಾಲೆಯ ಮೊದಲ ಮುಖ್ಯೋಪಾಧ್ಯಾಯಿನಿ ಲೂಯಿಸಾ ಲಮ್ಸ್‌ಡನ್ ಕೆನಡಾದಲ್ಲಿ ಕಂಡು ಮೆಚ್ಚಿದ ಆಟವನ್ನು ಆ ಶಾಲೆಯ ಹುಡುಗಿಯರು 1890ರಲ್ಲಿ ಆಡಿದರು. ಅಲ್ಲಿ ಓದಿದ ರೋಸಬೆಲ್ ಸಿಂಕ್ಲೇರ್ 1926ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಬ್ರಿನ್ ಮಾರ್ ಶಾಲೆಯಲ್ಲಿ ತಂಡ ಕಟ್ಟಿದರು. ಇಂದು ಹೌಡೆನೊಸೌನೀ ಮಹಿಳಾ ತಂಡವೂ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಡುತ್ತದೆ.

ಗೋಲುಗಳನ್ನಷ್ಟೇ ಎಣಿಸುವವರಿಗೆ ಈ ಆಟ ಅರ್ಧ ಮಾತ್ರ ಕಾಣುತ್ತದೆ. ಉಳಿದರ್ಧ ಇರುವುದು ಚೆಂಡು ಬಿದ್ದ ಮೇಲೆ.

ಕೋಲು ಮತ್ತು ಚೆಂಡು

ಅಮೆರಿಕದ ಶಾಲೆ, ಕಾಲೇಜುಗಳ ಆಟದಲ್ಲಿ ಗೋಲ್‌ಕೀಪರ್ ಸೇರಿ ತಂಡಕ್ಕೆ ಹನ್ನೆರಡು ಮಂದಿ. ಗಟ್ಟಿ ರಬ್ಬರಿನ ಚೆಂಡು ತೂಕದಲ್ಲಿ ಹೆಚ್ಚುಕಡಿಮೆ ಮಹಿಳಾ ಕ್ರಿಕೆಟ್ ಚೆಂಡಿನಷ್ಟೇ. ಹುಡುಗಿಯರ ಕೋಲಿನ ಬಲೆಗೆ ಆಳ ಕಡಿಮೆ: ಚೆಂಡಿಟ್ಟು ಕಣ್ಣಿನ ಮಟ್ಟಕ್ಕೆ ಎತ್ತಿದರೆ ಅಂಚಿನ ಮೇಲೆ ಚೆಂಡಿನ ನೆತ್ತಿ ಕಾಣಬೇಕು ಎಂಬುದು ನಿಯಮ. ಹಾಗಾಗಿ ಸುಮ್ಮನೆ ಹಿಡಿದು ಓಡಿದರೆ ಚೆಂಡು ಉರುಳಿಬೀಳುತ್ತದೆ. ಬೀಳದಿರಲು ಮಣಿಕಟ್ಟು ಹೊರಳಿಸುತ್ತ ಕೋಲನ್ನು ತೂಗುತ್ತಲೇ ಇರಬೇಕು. ಇದಕ್ಕೆ ಕ್ರೇಡಲ್ ಎನ್ನುತ್ತಾರೆ, ಅಂದರೆ ತೊಟ್ಟಿಲು. ನೀರು ತುಂಬಿದ ಬಕೆಟ್ಟನ್ನು ಗಿರ್ರನೆ ಬೀಸಿದಾಗ ನೀರು ಚೆಲ್ಲದೆ ತಳಕ್ಕೆ ಅಂಟುವಂತೆ, ತೂಗಾಟದ ರಭಸಕ್ಕೆ ಚೆಂಡು ಬಲೆಗೆ ಒತ್ತಿಕೊಳ್ಳುತ್ತದೆ. ಹೊಸದಾಗಿ ಕಲಿಯುವವಳ ಕಣ್ಣು ಕೋಲನ್ನು ಬಿಟ್ಟು ಕದಲದು. ಪಳಗಿದವಳ ಕೈ ತನ್ನ ಪಾಡಿಗೆ ತೂಗುತ್ತಿದ್ದರೆ ಕಣ್ಣು ಮೈದಾನವನ್ನು ಓದುತ್ತಿರುತ್ತದೆ. ಆತ್ಮವಿಶ್ವಾಸದ ಮೊದಲ ಗುರುತು ಅದು.

ನೆಲದ ಚೆಂಡು

ಎಷ್ಟು ಎಚ್ಚರವಿದ್ದರೂ ಚೆಂಡು ಬೀಳುತ್ತದೆ. ಎಳೆಯರ ಪಂದ್ಯದಲ್ಲಂತೂ ಹೆಚ್ಚು ಹೊತ್ತು ಹುಲ್ಲಿನ ಮೇಲೇ ಇರುತ್ತದೆ. ಕ್ರಿಕೆಟ್‌ನಲ್ಲಿ ಬಿಟ್ಟ ಕ್ಯಾಚು ಬಿಟ್ಟಂತೆಯೇ. ಇಲ್ಲಿ ಜಾರಿದ ಚೆಂಡು ಯಾರು ಎತ್ತಿದರೆ ಅವರದು. ಇದೇ ಗ್ರೌಂಡ್ ಬಾಲ್. ಅದನ್ನು ಯಾರು ಎಷ್ಟು ಸಲ ಗೆದ್ದರು ಎಂಬುದನ್ನೂ ಗೋಲುಗಳಂತೆ ಲೆಕ್ಕ ಇಡುತ್ತಾರೆ. ಎತ್ತುವವಳು ಮಂಡಿ ಬಗ್ಗಿಸಿ, ಕೋಲಿನ ಹಿಡಿ ನೆಲ ಸವರುವಷ್ಟು ತಗ್ಗಿಸಿ, ಓಟ ನಿಲ್ಲಿಸದೆ ಚೆಂಡಿನ ಅಡಿಗೆ ಬಲೆ ತೂರಿಸಬೇಕು. ನಿಂತು ಕೆದಕುವಷ್ಟರಲ್ಲಿ ಎದುರಾಳಿ ಎಗರಿಸಿಕೊಂಡು ಹೋಗಿರುತ್ತಾಳೆ.

ನೋಡುಗರ ಕಣ್ಣು ಆಗ ಚೆಂಡು ಬೀಳಿಸಿದವಳ ಮೇಲಿರಬೇಕು. ತಲೆ ತಗ್ಗಿಸಿ ನಿಂತಳೋ, ಗಕ್ಕನೆ ತಿರುಗಿ ಬೆನ್ನಟ್ಟಿದಳೋ? ಗುರಿ ತಪ್ಪಿದ ಹೊಡೆತಕ್ಕೂ ಇದೇ ನ್ಯಾಯ: ಚೆಂಡು ಗೆರೆ ದಾಟುವಾಗ ಯಾರು ಅದಕ್ಕೆ ಹತ್ತಿರವೋ ಆಕೆಯ ತಂಡಕ್ಕೆ ಚೆಂಡು. ಗೋಲು ತಪ್ಪಿಸಿಕೊಂಡವಳು ಮರುಗುತ್ತ ನಿಲ್ಲದೆ ಓಡಿದರೆ ಇನ್ನೊಂದು ಅವಕಾಶ ಅವರದೇ.

ಡ್ರಾ

ಆಟದ ಆರಂಭದಲ್ಲೂ ಪ್ರತಿ ಗೋಲಿನ ನಂತರವೂ ನಡುವೃತ್ತದಲ್ಲಿ ಇಬ್ಬರು ಎದುರುಬದುರು ನಿಂತು ಕೋಲುಗಳನ್ನು ಬೆನ್ನಿಗೆ ಬೆನ್ನು ತಾಗಿಸುತ್ತಾರೆ. ನಡುವೆ ಚೆಂಡು. ಸೀಟಿಗೆ ಇಬ್ಬರೂ ಕೋಲನ್ನು ಮೇಲಕ್ಕೆ ಸೆಳೆದಾಗ ಚೆಂಡು ತಲೆಯ ಮೇಲೆ ಚಿಮ್ಮಬೇಕು. ಇದೇ ಡ್ರಾ. ಗೋಲು ಹೊಡೆದ ತಂಡವೇ ಡ್ರಾ ಗೆದ್ದರೆ ಚೆಂಡು ಮತ್ತೆ ಅದರ ಕೈಗೇ. ಸತತ ನಾಲ್ಕೈದು ಗೋಲು ಬಿಟ್ಟ ತಂಡದ ಹುಡುಗಿ ಮತ್ತೆ ವೃತ್ತದೊಳಕ್ಕೆ ನಡೆದುಬರುವ ನಡಿಗೆಯೇ ಪಂದ್ಯ ಯಾವ ಕಡೆ ವಾಲಬಹುದು ಎಂಬುದನ್ನು ಹೇಳುತ್ತದೆ.

ಎಂಟು ಮೀಟರಿನ ಗೆರೆ

ಗೋಲಿನ ಮುಂದೆ ಎಂಟು ಮೀಟರ್ ದೂರಕ್ಕೆ ಕಮಾನಿನಂತೆ ಎಳೆದ ಗೆರೆ ಇರುತ್ತದೆ. ಅದರೊಳಗೆ ರಕ್ಷಕಿಯರು ದೊಡ್ಡ ತಪ್ಪು ಮಾಡಿದರೆ ಎದುರು ತಂಡಕ್ಕೆ ಫ್ರೀ ಪೊಸಿಷನ್ ಸಿಗುತ್ತದೆ. ಚೆಂಡು ಹಿಡಿದವಳು ಗೆರೆಯ ಅಡ್ಡಗುರುತಿನ ಮೇಲೆ ನಿಲ್ಲುತ್ತಾಳೆ, ಉಳಿದವರು ದೂರ ಸರಿಯುತ್ತಾರೆ, ಮೈದಾನ ಒಂದು ಉಸಿರಿನಷ್ಟು ಹೊತ್ತು ಸ್ತಬ್ಧವಾಗುತ್ತದೆ. ಸೀಟಿ ಊದಿದ್ದೇ ತಡ, ಎರಡೂ ಬದಿಯಿಂದ ರಕ್ಷಕಿಯರು ನುಗ್ಗುತ್ತಾರೆ. ಹೊಡೆಯುವುದೋ, ಇನ್ನೆರಡು ಹೆಜ್ಜೆ ಒಳಗಿಡುವುದೋ, ಸಂಗಾತಿಗೆ ಕೊಡುವುದೋ ಎಂದು ಒಬ್ಬಳೇ ತೀರ್ಮಾನಿಸಬೇಕು. ಕಬಡ್ಡಿಯ ರೇಡ್ ಬಲ್ಲವರಿಗೆ ಈ ಒಂಟಿತನದ ರುಚಿ ಗೊತ್ತು.

ಸೀಟಿ ಪದೇ ಪದೇ ಮೊಳಗುವುದನ್ನು ಕಂಡು ಹೊಸಬರು ಬೇಸರಪಡಬೇಕಿಲ್ಲ. ಹುಡುಗಿಯರ ಆಟದಲ್ಲಿ ಮೈಮೇಲೆ ಬಿದ್ದು ತಡೆಯುವಂತಿಲ್ಲ, ತಲೆಯ ಹತ್ತಿರ ಕೋಲು ಬೀಸುವಂತಿಲ್ಲ. ಹೊಡೆಯುವವಳಿಗೂ ಗೋಲಿಗೂ ನಡುವೆ, ಯಾರನ್ನೂ ಕಾಯದೆ, ಸುಮ್ಮನೆ ಅಡ್ಡ ನಿಲ್ಲುವುದೂ ತಪ್ಪು. ಚೆಂಡಿನ ಏಟು ತಗಲೀತೆಂಬ ಕಾಳಜಿ ಅದರ ಹಿಂದಿದೆ.

ಗೋಲಿನ ಬಾಯಿ

ಗೋಲು ಆರಡಿ ಎತ್ತರ, ಆರಡಿ ಅಗಲ. ಕಾಲೇಜು ಪಂದ್ಯದಲ್ಲಿ ಒಂದೊಂದು ತಂಡ ಹತ್ತು ಗೋಲು ದಾಟುವುದು ಸಾಮಾನ್ಯ. ಗುರಿಯತ್ತ ಬಂದ ಹೊಡೆತಗಳಲ್ಲಿ ಅರ್ಧದಷ್ಟನ್ನು ತಡೆದವಳು ಉತ್ತಮ ಗೋಲ್‌ಕೀಪರ್. ಹತ್ತು ಸಲ ಸೋತೂ ಪಂದ್ಯ ಗೆಲ್ಲುವ ಈ ಜಾಗದಲ್ಲಿ ನಿಲ್ಲುವವಳು ಹಿಂದಿನ ಗೋಲನ್ನು ಮರೆಯಲು ಕಲಿತಿರಬೇಕು.

ಕಲಿಯುವ ತಂಡಗಳು

ಹೊಸ ಊರಿನಲ್ಲಿ ತಂಡ ಶುರುವಾದಾಗ ಹೆಚ್ಚಿನ ಹುಡುಗಿಯರು ಕೋಲು ಹಿಡಿದವರೇ ಅಲ್ಲ. ಎಲ್ಲರೂ ಒಂದೇ ಗೆರೆಯಿಂದ ಹೊರಡುವುದರಿಂದ ನಾಚಿಕೆಗೆ ಜಾಗ ಕಡಿಮೆ. ತೀರ ಚಿಕ್ಕವರ ಆಟದಲ್ಲಿ ಎದುರಾಳಿಯ ಕೋಲಿಗೆ ಹೊಡೆದು ಚೆಂಡು ಬೀಳಿಸುವಂತಿಲ್ಲ. ಹಿಡಿದು ಎಸೆಯುವುದು ಮೊದಲು ಕೈಗೆ ಹತ್ತಲಿ ಎಂದು. ಅಭ್ಯಾಸಕ್ಕೆ ಒಂದು ಗೋಡೆ ಸಾಕು: ಬಲಗೈಯಲ್ಲಿ ಎಸೆದು ಹಿಡಿ, ಎಡಗೈಯಲ್ಲಿ ಎಸೆದು ಹಿಡಿ. ಒಗ್ಗದ ಕೈ ಒಗ್ಗುವ ಬಗೆ ಅಲ್ಲಿ ಕಣ್ಣೆದುರೇ ಕಾಣುತ್ತದೆ.

ಈ ತಾಳ್ಮೆಯ ಫಲಕ್ಕೆ ದೊಡ್ಡ ತಂಡಗಳಲ್ಲೂ ಸಾಕ್ಷಿಯಿದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ತಂಡ ಕಟ್ಟಿದ ಕೋಚ್ ಕೆಲ್ಲಿ ಅಮಾಂಟೆ ಹಿಲ್ಲರ್ ಈ ಆಟವನ್ನೇ ಆಡದಿದ್ದ ಹುಡುಗಿಯರನ್ನೂ ಸೇರಿಸಿಕೊಂಡರು. 2005ರಲ್ಲಿ ಆ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಬಾಸ್ಟನ್ ಕಾಲೇಜು 2017, 2018, 2019ರ ಮೂರೂ ಫೈನಲ್‌ಗಳಲ್ಲಿ ಸೋತು, ತನ್ನ ಆಟಗಾರ್ತಿ ಷಾರ್ಲಟ್ ನಾರ್ತ್ 102 ಗೋಲು ಹೊಡೆದ 2021ರ ಋತುವಿನಲ್ಲಿ ಮೊದಲ ಸಲ ಪ್ರಶಸ್ತಿ ಎತ್ತಿತು.

ಮುಂದಿನ ರೂಪ

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಲ್ಯಾಕ್ರೋಸ್ ಸೇರಿದ್ದು 2023ರ ಅಕ್ಟೋಬರಿನಲ್ಲಿ, ಕ್ರಿಕೆಟ್ ಜೊತೆಗೇ, ಮುಂಬೈಯಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನದಲ್ಲಿ. ಒಲಿಂಪಿಕ್ಸ್‌ನಲ್ಲಿ ಆಡುವುದು ಸಿಕ್ಸಸ್: ತಂಡಕ್ಕೆ ಆರು ಮಂದಿ, ಚಿಕ್ಕ ಮೈದಾನ, ಎಂಟು ನಿಮಿಷದ ನಾಲ್ಕು ಅವಧಿ, ಹೊಡೆತಕ್ಕೆ ಮೂವತ್ತು ಸೆಕೆಂಡಿನ ಗಡುವು. ಗೋಲಿನ ನಂತರ ಇಲ್ಲಿ ಡ್ರಾ ಇಲ್ಲ. ಗೋಲು ಬಿಟ್ಟ ಗೋಲ್‌ಕೀಪರೇ ಚೆಂಡೆತ್ತಿಕೊಂಡು ಆಟ ಮುಂದುವರಿಸುತ್ತಾಳೆ.