ಪುನರುಕ್ತಿಯೋ ದ್ವಿರುಕ್ತಿಯೋ?

ಪುನರುಕ್ತಿಯನ್ನು ದೋಷವೆಂದ ನಮ್ಮ ಪೂರ್ವಿಕರು ದ್ವಿರುಕ್ತಿಯನ್ನು ಹಾಗೆನ್ನಲಿಲ್ಲ. ‘ಮನೆಮನೆಗೆ’ ಎಂಬಲ್ಲಿ ಒಂದು ‘ಮನೆ’ಯನ್ನು ತೆಗೆದರೆ ಅರ್ಥವೇ ಬೇರೆಯಾಗುತ್ತದೆ. ಸಂಖ್ಯಾಶಾಸ್ತ್ರಜ್ಞರು ಬಳಸುವ ‘ಆರ್’ ಭಾಷೆಯ ಕ್ರಮವಿಧಿಗಳಲ್ಲಿ ಶೈಲಿದೋಷಗಳನ್ನು ಎತ್ತಿ ತೋರಿಸುವ ‘ಲಿಂಟ್‌ಆರ್’ ಎಂಬ ಉಪಕರಣವನ್ನು ಬಳಸುವವರಿಗೂ ಈ ವಿವೇಕ ಅಗತ್ಯ.

ಆ ಭಾಷೆಯಲ್ಲಿ ಮೌಲ್ಯಗಳನ್ನು ಜೋಡಿಸುವ ಫಂಕ್ಷನ್ನಿಗೆ ‘ಸಿ’ ಎಂದು ಹೆಸರು. ಒಂಟಿ ಸಂಖ್ಯೆಯೂ ಅಲ್ಲಿ ಒಂದಂಶದ ಸದಿಶವೇ ಆದುದರಿಂದ ಸಿ(5) ಎಂದು ಬರೆಯುವುದು ವ್ಯರ್ಥ. ಉಪಕರಣದ ಆಕ್ಷೇಪ ನ್ಯಾಯವಾದುದು. ಆದರೆ ಮಾತೃಕೆಯೊಂದನ್ನು ‘ಸಿ’ಗೆ ಒಪ್ಪಿಸಿದರೆ ಅದು ಅಡ್ಡಸಾಲು ಕಂಬಸಾಲುಗಳ ಆಕಾರವನ್ನು ಕಳಚಿ, ಅಂಕಿಗಳನ್ನು ಒಂದೇ ಸಾಲಾಗಿ ನಿಲ್ಲಿಸುತ್ತದೆ. ನೋಡಲು ನಿರುದ್ಯೋಗಿ, ಮಾಡುವ ಕೆಲಸ ದೊಡ್ಡದು.

ನಮ್ಮ ನಿಜಲಿಂಗಪ್ಪ ಬಡಾವಣೆಯ ವಿದ್ಯಾರ್ಥಿಯೊಬ್ಬನು ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳ ಹಲವು ವರ್ಷಗಳ ಮಳೆಯನ್ನೂ ಮೆಕ್ಕೆಜೋಳದ ಇಳುವರಿಯನ್ನೂ ಎರಡು ಮಾತೃಕೆಗಳಲ್ಲಿಟ್ಟು ಸಹಸಂಬಂಧ ಗುಣಾಂಕವನ್ನು ಎಣಿಸುತ್ತಾನೆನ್ನೋಣ. ಎರಡಕ್ಕೂ ‘ಸಿ’ ಇದ್ದರೆ ದೊರೆಯುವುದು ಒಂದೇ ಗುಣಾಂಕ, ಅಳಿಸಿದೊಡನೆ ಒಂಬತ್ತು. (ಅವುಗಳಲ್ಲಿ ತನಗೊಪ್ಪುವುದನ್ನು ಆರಿಸಿಕೊಳ್ಳುವ ಚಾಪಲ್ಯವೊಂದು ಬೇರೆ!) ಯಂತ್ರವಾದರೋ ಯಾವ ತಪ್ಪನ್ನೂ ಸಾರುವುದಿಲ್ಲ.

ಉಪಕರಣವನ್ನು ರಚಿಸಿದವರು ಇದನ್ನರಿಯದವರಲ್ಲ. ಬದಲಾಯಿಸದೆ ಬಳಸಿದಾಗ ಅದು ಚರಕ್ಕೆ ತೊಡಿಸಿದ ‘ಸಿ’ಯನ್ನು ಆಕ್ಷೇಪಿಸುವುದಿಲ್ಲ. ಕಠಿನ ನಿಯಮವನ್ನು ಆರಿಸಿಕೊಂಡಾಗ ಮಾತ್ರ ಆಕ್ಷೇಪಿಸುತ್ತದೆ. ಆಕಾರವನ್ನು ಕಳಚುವುದೇ ಉದ್ದೇಶವಾದಲ್ಲಿ ಸಾಮಾನ್ಯವಾಗಿ ‘ಆ್ಯಸ್.ವೆಕ್ಟರ್’ ಎಂದು ಬಿಚ್ಚಿ ಬರೆಯುವುದು ಲೇಸೆಂದು ಅದರ ಕೈಪಿಡಿ ಹೇಳುತ್ತದೆ. ನಮಗೂ ಅದು ಸಮ್ಮತ. ಎಚ್ಚರಿಕೆಯನ್ನು ಕಂಡೊಡನೆ ಬರಿದೆ ಅಳಿಸಿ ತಂದ ಕ್ರಮವಿಧಿಯನ್ನು ಮಾತ್ರ, ಹಳೆಯದರೊಡನೆ ಮತ್ತೊಮ್ಮೆ ನಡೆಸಿ ಉತ್ತರಗಳನ್ನು ಹೋಲಿಸುವವರೆಗೆ, ನಾವು ಒಪ್ಪಲಾರೆವು.